ಕರ್ನಲ್‌ಗೆ ಕೈ ಹಾಕುವ ಮೊದಲು: ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಕಲಿಯುವ ಕ್ರಮ

ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನವರಾಗಲಿ, ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿದವರಾಗಲಿ, ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಎಡವುವುದು ಒಂದೇ ಜಾಗದಲ್ಲಿ. ಮೊದಲ ವಾರವೇ ಕರ್ನಲ್ ಮಾಡ್ಯೂಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಸೇರಿಸುವ ಕೋಡ್) ಬರೆಯಲು ಕೂರುತ್ತಾರೆ. ಲ್ಯಾಪ್‌ಟಾಪ್ ಕದಲದೆ ನಿಂತುಬಿಡುತ್ತದೆ. ಏಕೆ ನಿಂತಿತು ಎಂದು ತಿಳಿಯುವ ದಾರಿ ಗೊತ್ತಿಲ್ಲದೆ, ಮುಂದಿನ ವಾರ ವೆಬ್‌ಸೈಟ್ ಕಟ್ಟುವ ಕೋರ್ಸಿಗೆ ಸೇರುತ್ತಾರೆ.

ಇದರಲ್ಲಿ ಅವರ ತಪ್ಪು ಕಡಿಮೆ. ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬಿನಲ್ಲಿ ನಾವು ಮಾಡಿಸುವ ಬ್ಯಾಂಕರ್ಸ್ ಅಲ್ಗಾರಿದಮ್, ಪೇಜ್ ರಿಪ್ಲೇಸ್‌ಮೆಂಟ್‌ಗಳೆಲ್ಲ ಅರೇಗಳ ಮೇಲಿನ ಲೆಕ್ಕಗಳು. ಆ ಪ್ರೋಗ್ರಾಮ್‌ಗಳು ಆಪರೇಟಿಂಗ್ ಸಿಸ್ಟಮ್‌ನ ಬಗ್ಗೆ ಮಾತನಾಡುತ್ತವೆಯೇ ಹೊರತು ಅದರ ಜೊತೆ ಮಾತನಾಡುವುದಿಲ್ಲ. ಜೊತೆಗೆ ಮಾತನಾಡುವುದೆಂದರೆ ಸಿಸ್ಟಮ್ ಕಾಲ್ (ಕರ್ನಲ್‌ಗೆ ಕೆಲಸ ಹೇಳುವ ಕರೆ) ಮಾಡಿ, ಅದು ಹಿಂದಿರುಗಿಸಿದ ಸಂಖ್ಯೆಯನ್ನು ಓದುವುದು. ಕೆಳಗಿನ ಹಂತಗಳೆಲ್ಲ ಆ ಒಂದು ಅಭ್ಯಾಸವನ್ನು ಗಟ್ಟಿ ಮಾಡಲು ಇವೆ. ಕ್ರಮ ಬದಲಿಸಬೇಡಿ.

ಆಜ್ಞೆಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಹಂತ 1: ಯಂತ್ರ ಮತ್ತು ಸಲಕರಣೆ

ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಹಳೆಯದು ಸಾಕು. ಉಬುಂಟು ಅಥವಾ ಡೆಬಿಯನ್ ಅನ್ನು ನೇರವಾಗಿ ಹಾಕಿಕೊಳ್ಳಿ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಮೊದಲ ಹಂತಗಳಿಗೆ ನಡೆಯುತ್ತದೆ. ಆದರೆ ಅದರಲ್ಲಿರುವುದು ಮೈಕ್ರೋಸಾಫ್ಟ್ ಕಟ್ಟಿಕೊಟ್ಟ ಕರ್ನಲ್ ಆದ್ದರಿಂದ ಕೊನೆಯ ಹಂತದಲ್ಲಿ ಕೈಕಟ್ಟಿದಂತಾಗುತ್ತದೆ.

ಬೇಕಾದ ಪ್ಯಾಕೇಜ್‌ಗಳು: ಬಿಲ್ಡ್-ಎಸೆನ್ಷಿಯಲ್ (ಕಂಪೈಲರ್ ಇತ್ಯಾದಿ), ಜಿಡಿಬಿ (ದೋಷ ಹುಡುಕಲು), ಎಸ್‌ಟ್ರೇಸ್ (ಸಿಸ್ಟಮ್ ಕಾಲ್‌ಗಳನ್ನು ತೋರಿಸಲು), ವಾಲ್‌ಗ್ರಿಂಡ್ (ಮೆಮೊರಿ ತಪ್ಪು ಹಿಡಿಯಲು), ಮ್ಯಾನ್‌ಪೇಜಸ್-ಡೆವ್. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸಿಸ್ಟಮ್ ಕಾಲ್‌ಗಳ ಅಧಿಕೃತ ವಿವರಣೆ ಬರುವುದು ಅದರಿಂದಲೇ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಬೇಕಿಲ್ಲ. ಮಂಡ್ಯದಿಂದ ಬೆಂಗಳೂರಿಗೆ ದಿನವೂ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯುವವರಿಗೆ, ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಕೂತು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯವಿಲ್ಲ.

ಮ್ಯಾನ್ ಪುಟಗಳಿಗೆ ವಿಭಾಗ ಸಂಖ್ಯೆ ಇದೆ. 2 ಎಂದರೆ ಸಿಸ್ಟಮ್ ಕಾಲ್, 3 ಎಂದರೆ ಸಿ ಲೈಬ್ರರಿಯ ಫಂಕ್ಷನ್. ಬರೀ "ಮ್ಯಾನ್ ರೈಟ್" ಎಂದು ಕೊಟ್ಟರೆ ಇನ್ನೊಬ್ಬ ಬಳಕೆದಾರರಿಗೆ ಸಂದೇಶ ಕಳುಹಿಸುವ ಆಜ್ಞೆಯ ಪುಟ ತೆರೆದುಕೊಳ್ಳಬಹುದು. ನಮಗೆ ಬೇಕಿರುವುದು "ಮ್ಯಾನ್ 2 ರೈಟ್". ಪುಟವನ್ನು ಮೇಲಿನಿಂದ ಓದಬೇಡಿ. ಮೊದಲು "ರಿಟರ್ನ್ ವ್ಯಾಲ್ಯೂ", ನಂತರ "ಎರರ್ಸ್", ಆಮೇಲೆ ಉಳಿದದ್ದು.

ಹಂತ 2: ಕಂಪೈಲರ್ ಹೇಳುವುದನ್ನು ಕೇಳಿ

ಕೆಲವೆಡೆ ಇನ್ನೂ ಟರ್ಬೊ ಸಿ ಕಲಿಸುತ್ತಾರೆ. ಅಲ್ಲಿಂದ ಬಂದವರು ಮೂರು ಅಭ್ಯಾಸ ಬಿಡಬೇಕು: ಕೋನಿಯೋ ಹೆಡರ್, ವಾಯ್ಡ್ ಮೇನ್, ಮತ್ತು ಇಂಟ್ ಎಂದರೆ 2 ಬೈಟ್ ಎಂಬ ನಂಬಿಕೆ. ಇಂದಿನ ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಇಂಟ್ 4 ಬೈಟ್, ಪಾಯಿಂಟರ್ 8 ಬೈಟ್. ಮೇನ್ ಹಿಂದಿರುಗಿಸುವ ಇಂಟ್ ಅಲಂಕಾರಕ್ಕಲ್ಲ. ಶೆಲ್ ಅದನ್ನು ಓದುತ್ತದೆ.

ಜಿಸಿಸಿ ಕಂಪೈಲರನ್ನು ಯಾವಾಗಲೂ ಡಬ್ಲ್ಯೂ-ಆಲ್ (-Wall), ಡಬ್ಲ್ಯೂ-ಎಕ್ಸ್‌ಟ್ರಾ (-Wextra) ಮತ್ತು ಜಿ (-g) ಆಯ್ಕೆಗಳೊಂದಿಗೆ ಓಡಿಸಿ; ಇಲ್ಲಿ ಡಬ್ಲ್ಯೂ ಮಾತ್ರ ದೊಡ್ಡಕ್ಷರ. ಎಚ್ಚರಿಕೆ ಬಂದರೆ ಅದನ್ನು ಸರಿಪಡಿಸುವವರೆಗೆ ಪ್ರೋಗ್ರಾಮ್ ಓಡಿಸಬೇಡಿ.

ಎಚ್ಚರಿಕೆ ಕಡೆಗಣಿಸಿದರೆ ಆಗುವುದಕ್ಕೆ ಒಂದು ಉದಾಹರಣೆ. ಕಡತ ತೆರೆಯುವ ಓಪನ್ ಕಾಲ್ ಕೊಟ್ಟ ಸಂಖ್ಯೆಯನ್ನು ಎಫ್‌ಡಿ ಎಂಬ ವೇರಿಯಬಲ್‌ಗೆ ಹಾಕಿ, ಅದು ಸೊನ್ನೆಗಿಂತ ಕಡಿಮೆಯೇ ಎಂದು ಒಂದೇ ಸಾಲಿನಲ್ಲಿ ನೋಡುತ್ತೀರಿ. ಒಳಗಿನ ಆವರಣ ಚಿಹ್ನೆ ಬಿಟ್ಟುಹೋದರೆ ಹೋಲಿಕೆ ಮೊದಲು ನಡೆಯುತ್ತದೆ, ಎಫ್‌ಡಿಗೆ ಆ ಹೋಲಿಕೆಯ ಉತ್ತರವಾದ 0 ಸೇರುತ್ತದೆ. 0 ಎಂದರೆ ಕೀಬೋರ್ಡ್. ಪ್ರೋಗ್ರಾಮ್ ಕಡತ ಓದುವ ಬದಲು ನೀವು ಟೈಪ್ ಮಾಡಲೆಂದು ಕಾಯುತ್ತಾ ಕೂರುತ್ತದೆ, ನೀವು ಅದು ಹ್ಯಾಂಗ್ ಆಯಿತೆಂದು ಕೂರುತ್ತೀರಿ. ಡಬ್ಲ್ಯೂ-ಆಲ್ ಇದನ್ನು ಮೊದಲೇ ಹೇಳಿರುತ್ತದೆ.

ಹಂತ 3: ಬರೆಯುವ ಮೊದಲು ನೋಡಿ

"ನಮಸ್ಕಾರ" ಎಂದು ಪ್ರಿಂಟ್‌ಎಫ್ ಮಾಡುವ ಪ್ರೋಗ್ರಾಮ್ ಬರೆದು, ಎಸ್‌ಟ್ರೇಸ್ ಅಡಿಯಲ್ಲಿ ಓಡಿಸಿ. ಮೂವತ್ತರ ಆಸುಪಾಸಿನಲ್ಲಿ ಸಾಲುಗಳು ಸುರಿಯುತ್ತವೆ. ಹೆಚ್ಚಿನವು ಲೈಬ್ರರಿಯನ್ನು ಮೆಮೊರಿಗೆ ತರುವ ಕೆಲಸ. ನಿಮ್ಮದು ಕೊನೆಯಲ್ಲಿರುವ ಒಂದು ರೈಟ್ ಮಾತ್ರ. ಪ್ರತಿ ಸಾಲಿನ ಕೊನೆಯಲ್ಲಿ ಸಮ ಚಿಹ್ನೆ, ಅದರ ಮುಂದೆ ಕರ್ನಲ್ ಕೊಟ್ಟ ಉತ್ತರ. ಆ ಕಾಲಮ್ಮನ್ನೇ ಮೇಲಿನಿಂದ ಕೆಳಗೆ ಓದಿ.

ನೀವು ಬರೆದ ಹೆಸರೇ ಅಲ್ಲಿ ಇರಬೇಕೆಂದಿಲ್ಲ. ಓಪನ್ ಬದಲು ಓಪನ್‌ಅಟ್, ಫೋರ್ಕ್ ಬದಲು ಕ್ಲೋನ್, ಎಕ್ಸಿಟ್ ಬದಲು ಎಕ್ಸಿಟ್-ಗ್ರೂಪ್ ಕಾಣುತ್ತದೆ. ಸಿ ಲೈಬ್ರರಿ ನಡುವೆ ನಿಂತು ಮಾಡುವ ಬದಲಾವಣೆ ಅದು. ಕೆಲವು ಓಪನ್‌ಅಟ್‌ಗಳು -1 ಕೊಟ್ಟು ವಿಫಲವಾಗುವುದನ್ನೂ ನೋಡಬಹುದು. ಲೈಬ್ರರಿಯನ್ನು ಹಲವು ಕಡೆ ಹುಡುಕುವಾಗ ಅದು ಸಹಜ.

ಎಕ್ಸ್86ರ 64 ಬಿಟ್ ಯಂತ್ರದಲ್ಲಿ ಒಳಗೆ ನಡೆಯುವುದು ಇಷ್ಟು: ಆರ್‌ಎಎಕ್ಸ್ ರಿಜಿಸ್ಟರಿನಲ್ಲಿ ಕಾಲ್‌ನ ಸಂಖ್ಯೆ (ರೀಡ್ 0, ರೈಟ್ 1, ಎಕ್ಸಿಟ್ 60), ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್‌ಗಳಲ್ಲಿ ಮೊದಲ ಮೂರು ಆರ್ಗ್ಯುಮೆಂಟ್, ನಂತರ ಸಿಸ್‌ಕಾಲ್ ಸೂಚನೆ. ಉತ್ತರ ಮತ್ತೆ ಆರ್‌ಎಎಕ್ಸ್‌ನಲ್ಲೇ. -1ರಿಂದ -4095ರವರೆಗಿನ ಸಂಖ್ಯೆ ಬಂದರೆ ದೋಷ. ಸಿ ಲೈಬ್ರರಿ ಋಣ ಚಿಹ್ನೆ ತೆಗೆದು ಆ ಸಂಖ್ಯೆಯನ್ನು ಎರ್‌ನೋ ಎಂಬಲ್ಲಿಟ್ಟು ನಿಮಗೆ ಬರೀ -1 ಕೊಡುತ್ತದೆ. ಅಸೆಂಬ್ಲಿಯನ್ನು ಇದಕ್ಕಿಂತ ಹೆಚ್ಚು ಈಗಲೇ ಕಲಿಯುವ ಅಗತ್ಯವಿಲ್ಲ.

ಹಂತ 4: "ಮೈಸೂರು" ಎಷ್ಟು ಬೈಟ್?

ಈಗ ಪ್ರಿಂಟ್‌ಎಫ್ ಬಿಟ್ಟು ನೇರ ರೈಟ್ ಬಳಸಿ "ಮೈಸೂರು" ಎಂದು ಪರದೆಗೆ ಬರೆಯಿರಿ. ರೈಟ್‌ಗೆ ಉದ್ದವನ್ನು ನೀವೇ ಹೇಳಬೇಕು. ಮೂರು ಅಕ್ಷರ ಎಂದು 3 ಕೊಟ್ಟವರಿಗೆ ಬರೀ "ಮ" ಸಿಗುತ್ತದೆ. 6 ಕೊಟ್ಟವರಿಗೆ "ಮೈ" ಎಂಬಲ್ಲಿಗೆ ನಿಲ್ಲುತ್ತದೆ. 4 ಕೊಟ್ಟರೆ "ಮ" ಮತ್ತು ಅದರ ಪಕ್ಕ ಒಂದು ಮುರಿದ ಚಿಹ್ನೆ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಮೈಸೂರಿನಲ್ಲಿ ಮ, ಐತ್ವ, ಸ, ಊತ್ವ, ರ, ಉತ್ವ ಸೇರಿ ಆರು ಸಂಕೇತ, ಒಟ್ಟು 18 ಬೈಟ್. ಮಂಡ್ಯದಲ್ಲಿ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಆದರೆ ಅನುಸ್ವಾರವನ್ನೂ ಒತ್ತಕ್ಷರ ಮಾಡುವ ಹಲಂತವನ್ನೂ ಎಣಿಸಿದರೆ ಐದು ಸಂಕೇತ, 15 ಬೈಟ್. ಎಸ್‌ಟ್ರೇಸ್‌ನಲ್ಲಿ "ಮ" 340, 262, 256 ಎಂಬ ಮೂರು ಆಕ್ಟಲ್ ಸಂಖ್ಯೆಯಾಗಿ ಕಾಣುತ್ತದೆ. ಕರ್ನಲ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಇಂಗ್ಲಿಷ್ ಉದಾಹರಣೆ ಇಟ್ಟುಕೊಂಡು ಕಲಿತವರಿಗೆ ಈ ವ್ಯತ್ಯಾಸ ವರ್ಷಗಟ್ಟಲೆ ಕಾಣುವುದೇ ಇಲ್ಲ. ನಮಗೆ ಮೊದಲ ದಿನವೇ ಕಾಣುತ್ತದೆ.

ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳು:

ರೀಡ್ ತಂದ ಬೈಟ್‌ಗಳ ಕೊನೆಯಲ್ಲಿ ಸೊನ್ನೆ ಇರುವುದಿಲ್ಲ. ಅದನ್ನು ಹಾಗೆಯೇ ಪ್ರಿಂಟ್‌ಎಫ್‌ಗೆ ಕೊಟ್ಟರೆ ಬಫರಿನ ಹಳೆಯ ಕಸವೂ ಪರದೆಗೆ ಬರುತ್ತದೆ. "ಕೆಲವೊಮ್ಮೆ ಮಾತ್ರ ಕಸ ಬರುತ್ತದೆ" ಎಂದರೆ ಇದೇ ಕಾರಣವೆಂದು ಅನುಮಾನಿಸಿ.

4096 ಬೈಟ್ ಕೇಳಿದರೆ 4096 ಬರಲೇಬೇಕೆಂಬ ನಿಯಮವಿಲ್ಲ. ಕಡಿಮೆ ಬರಬಹುದು. 0 ಬಂದರೆ ಕಡತ ಮುಗಿದಿದೆ. -1 ಬಂದರೆ ದೋಷ, ಅದರಲ್ಲೂ ಎರ್‌ನೋ ಈಇಂಟರ್ (EINTR) ಆಗಿದ್ದರೆ ಸಿಗ್ನಲ್ (ಪ್ರೋಗ್ರಾಮಿಗೆ ಕರ್ನಲ್ ಕಳುಹಿಸುವ ಸೂಚನೆ) ನಡುವೆ ಬಂದು ಕೆಲಸ ನಿಂತಿದೆ, ಮತ್ತೊಮ್ಮೆ ಕೇಳಬೇಕು ಎಂದರ್ಥ. ಈ ನಾಲ್ಕೂ ಸ್ಥಿತಿಗಳಿಗೆ ಉತ್ತರವಿರುವ ಒಂದು ಲೂಪ್ ಬರೆದಿಟ್ಟುಕೊಳ್ಳಿ. ರೈಟ್‌ಗೂ ಅಂಥದ್ದೇ ಒಂದು ಬೇಕು.

ದೋಷ ಬಂದ ತಕ್ಷಣ ಎರ್‌ನೋ ಓದಿ. ನಡುವೆ ಬೇರೊಂದು ಕಾಲ್ ಮಾಡಿದರೆ, ಅದು ಬರೀ ಪ್ರಿಂಟ್‌ಎಫ್ ಆದರೂ, ಎರ್‌ನೋ ಬದಲಾಗಿರಬಹುದು. ನಂತರ ಕಾಣುವ ದೋಷ ಸಂದೇಶ ಸುಳ್ಳು ಹೇಳುತ್ತದೆ.

ಈ ಹಂತಕ್ಕೆ ಪರೀಕ್ಷೆ: ಸಿಪಿ ಆಜ್ಞೆಯಂತೆ ಒಂದು ಕಡತವನ್ನು ಇನ್ನೊಂದಕ್ಕೆ ನಕಲು ಮಾಡುವ ಪ್ರೋಗ್ರಾಮ್. ಇಲ್ಲದ ಕಡತ, ಅನುಮತಿ ಇಲ್ಲದ ಕಡತ, ಒಂದು ಡೈರೆಕ್ಟರಿ, ಹೀಗೆ ಕೊಟ್ಟು ನೋಡಿ. ಪ್ರತಿಯೊಂದಕ್ಕೂ ಸರಿಯಾದ, ಬೇರೆ ಬೇರೆ ಸಂದೇಶ ಬಂದರೆ ಮುಂದೆ ಹೋಗಿ.

ಹಂತ 5: ಮೆಮೊರಿಯಲ್ಲಿ ಡೇರಿ ಲೆಕ್ಕ

ಹಳ್ಳಿಯ ಹಾಲಿನ ಡೇರಿಯ ಒಂದು ನಮೂದನ್ನು ಸ್ಟ್ರಕ್ಟ್ ಆಗಿ ಬರೆಯಿರಿ: ಬೆಳಿಗ್ಗೆಯೋ ಸಂಜೆಯೋ ಹೇಳಲು ಒಂದು ಕ್ಯಾರ್, ಹಾಲಿನ ಅಳತೆಗೆ ಒಂದು ಡಬಲ್, ಸದಸ್ಯರ ಸಂಖ್ಯೆಗೆ ಒಂದು ಇಂಟ್. ಕೂಡಿದರೆ 13 ಬೈಟ್. ಸೈಜ್‌ಆಫ್ ಕೇಳಿದರೆ 24 ಎನ್ನುತ್ತದೆ. ಡಬಲ್ 8ರ ಗುಣಕದ ವಿಳಾಸದಲ್ಲಿ ಇರಬೇಕಾದ್ದರಿಂದ ಕ್ಯಾರ್ ನಂತರ 7 ಬೈಟ್ ಖಾಲಿ, ಕೊನೆಯಲ್ಲಿ ಮತ್ತೆ 4 ಖಾಲಿ. ಡಬಲ್, ಇಂಟ್, ಕ್ಯಾರ್ ಎಂದು ಕ್ರಮ ಬದಲಿಸಿದರೆ 16ಕ್ಕೆ ಇಳಿಯುತ್ತದೆ.

ಆ ಖಾಲಿ ಜಾಗ ಕಡತಕ್ಕೂ ಹೋಗುತ್ತದೆ, ಅದರಲ್ಲಿ ಏನಿರುತ್ತದೆಂದು ಹೇಳಲಾಗುವುದಿಲ್ಲ. ಎರಡು ನಮೂದುಗಳನ್ನು ಬೈಟ್ ಬೈಟಾಗಿ ನೋಡುವ ಮೆಮ್‌ಸಿಎಂಪಿಯಿಂದ ಹೋಲಿಸಿದಾಗ ಒಂದೇ ಆಗಿರುವವೂ ಬೇರೆ ಎಂದು ಬಂದರೆ ಈ ಜಾಗವನ್ನು ನೋಡಿ. ಬರೆದ ಕಡತವನ್ನು ಹೆಕ್ಸ್‌ಡಂಪ್‌ನಲ್ಲಿ ತೆರೆದು ಪ್ರತಿ ಬೈಟಿಗೂ ಹೆಸರು ಹೇಳಿ. ಸದಸ್ಯರ ಸಂಖ್ಯೆ ಹಿಂದುಮುಂದಾಗಿ ಕಾಣುತ್ತದೆ; ಈ ಪ್ರೊಸೆಸರ್ ಕಿರಿಯ ಬೈಟನ್ನು ಮೊದಲು ಇಡುವುದರಿಂದ ಹಾಗೆ. (ನಿಜವಾದ ಲೆಕ್ಕಕ್ಕೆ ಡಬಲ್ ಬಳಸಬೇಡಿ. ಮಿಲಿಲೀಟರ್‌ಗಳನ್ನು ಪೂರ್ಣಾಂಕವಾಗಿ ಇಡಿ, ಇಲ್ಲದಿದ್ದರೆ ತಿಂಗಳ ಕೊನೆಯಲ್ಲಿ ಜಗಳ.)

ಅನಂತರ ಅದೇ ಕಡತವನ್ನು ಎಂಮ್ಯಾಪ್ ಮೂಲಕ ಮೆಮೊರಿಗೆ ತನ್ನಿ. ಎಂಮ್ಯಾಪ್ ಸೋತಾಗ ನಲ್ ಕೊಡುವುದಿಲ್ಲ, -1ರ ಪಾಯಿಂಟರ್ ರೂಪವಾದ ಮ್ಯಾಪ್-ಫೇಲ್ಡ್ ಕೊಡುತ್ತದೆ. ಮ್ಯಾಲಾಕ್‌ನ ಅಭ್ಯಾಸದಲ್ಲಿ ನಲ್ ಎಂದು ಪರೀಕ್ಷಿಸಿದವರು ದೋಷವನ್ನು ದಾಟಿ ಮುಂದೆ ಹೋಗಿ ಬೀಳುತ್ತಾರೆ.

ಬಿದ್ದಾಗ, ಪ್ರೋಗ್ರಾಮ್ ಹೇಗೆ ಮುಗಿಯಿತೆಂಬ ಸಂಖ್ಯೆ ನೋಡಲು ಡಾಲರ್-ಪ್ರಶ್ನೆ ಚಿಹ್ನೆಯನ್ನು ಎಕೋ ಮಾಡಿ (echo $?). 139 ಎಂದರೆ 128 ಕೂಡಿಸು ಸಿಗ್ನಲ್ ಸಂಖ್ಯೆ 11, ಸೆಗ್ಮೆಂಟೇಷನ್ ಫಾಲ್ಟ್. 134 ಎಂದರೆ ಅಬಾರ್ಟ್. 135 ಎಂದರೆ ಬಸ್ ಎರರ್: ಎಂಮ್ಯಾಪ್ ಮಾಡಿದ ಕಡತ ನಡುವೆ ಚಿಕ್ಕದಾಗಿರಬಹುದು. 137 ಎಂದರೆ ಯಾರೋ ಕಿಲ್ 9 ಮಾಡಿದ್ದಾರೆ, ಆ ಯಾರೋ ಮೆಮೊರಿ ಮುಗಿದ ಕರ್ನಲ್ಲೂ ಆಗಿರಬಹುದು.

ಬಿದ್ದ ಜಾಗ ಹುಡುಕಲು ಜಿಡಿಬಿಯಲ್ಲಿ ಓಡಿಸಿ, ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂದು ತೋರಿಸುವ ಬಿಟಿ ಆಜ್ಞೆ ಕೊಡಿ. ಬೀಳದೆ ತಪ್ಪು ಉತ್ತರ ಕೊಡುವ ಪ್ರೋಗ್ರಾಮಿಗೆ ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯ) ಹಾಕಿ ಕಂಪೈಲ್ ಮಾಡಿ. ಅದನ್ನು ಮತ್ತು ವಾಲ್‌ಗ್ರಿಂಡ್ ಅನ್ನು ಒಟ್ಟಿಗೆ ಬಳಸುವಂತಿಲ್ಲ. ಎಸ್‌ಟ್ರೇಸ್ ಅಡಿಯಲ್ಲೂ ಅದರ ಸೋರಿಕೆ ಪತ್ತೆ ಭಾಗ ಕೆಲಸ ಮಾಡುವುದಿಲ್ಲ. ಒಂದೇ ಪ್ರೋಗ್ರಾಮಿನ ಎರಡು ಬಿಲ್ಡ್ ಇಟ್ಟುಕೊಳ್ಳಿ.

ಹಂತ 6: ಕರೆಂಟ್ ಹೋದರೂ ಉಳಿಯುವ ಕಡತ

ರೈಟ್ ಯಶಸ್ವಿಯಾಯಿತೆಂದರೆ ಬೈಟ್‌ಗಳು ಡಿಸ್ಕಿಗೆ ಹೋದವೆಂದಲ್ಲ, ಮೆಮೊರಿಯಲ್ಲಿರುವ ಕರ್ನಲ್‌ನ ಪೇಜ್ ಕ್ಯಾಷ್‌ಗೆ ಸೇರಿದವು ಎಂದಷ್ಟೇ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆ ಕ್ಷಣಕ್ಕೇ ಕರೆಂಟ್ ಹೋದರೆ ಡೇರಿಯ ಲೆಕ್ಕ ಅರ್ಧ ಉಳಿಯಬಹುದು, ಸೊನ್ನೆ ಗಾತ್ರದ ಕಡತವೂ ಉಳಿಯಬಹುದು.

ಕ್ರಮ ಹೀಗಿರಲಿ:

1. ಅದೇ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಕಡತ ತೆರೆದು ಪೂರ್ತಿ ಬರೆಯಿರಿ.
2. ಬೈಟ್‌ಗಳನ್ನು ಡಿಸ್ಕಿಗೇ ಕಳುಹಿಸುವ ಎಫ್‌ಸಿಂಕ್ ಮಾಡಿ, ಅದರ ಉತ್ತರ ನೋಡಿ.
3. ಕ್ಲೋಸ್ ಮಾಡಿ, ಅದರ ಉತ್ತರವನ್ನೂ ನೋಡಿ.
4. ರಿನೇಮ್ ಮೂಲಕ ಹಳೆಯ ಹೆಸರಿನ ಮೇಲೆ ಇಡಿ.
5. ಡೈರೆಕ್ಟರಿಯನ್ನೂ ತೆರೆದು ಎಫ್‌ಸಿಂಕ್ ಮಾಡಿ.

ತಾತ್ಕಾಲಿಕ ಕಡತವನ್ನು ಟಿಎಂಪಿ ಡೈರೆಕ್ಟರಿಯಲ್ಲಿ ಇಡುವುದು ಸಾಮಾನ್ಯ ತಪ್ಪು. ಅದು ಬೇರೆ ಫೈಲ್ ಸಿಸ್ಟಮ್ ಆಗಿದ್ದರೆ ರಿನೇಮ್ ಸೋಲುತ್ತದೆ. ಎಫ್‌ಸಿಂಕ್ ನಿಧಾನವೆಂದು ಬಿಡುವವರೂ ಇದ್ದಾರೆ. ಪ್ರತಿ ನಮೂದಿಗೂ ಮಾಡಿದರೆ ನಿಧಾನವೇ. ಒಂದು ಸರದಿಯ ಹಾಲು ಮುಗಿದ ಮೇಲೆ ಒಮ್ಮೆ ಮಾಡಿ.

ಹಂತ 7: ನಿಮ್ಮದೇ ಶೆಲ್

ಪ್ರೊಸೆಸ್‌ಗಳನ್ನು (ಓಡುತ್ತಿರುವ ಪ್ರೋಗ್ರಾಮ್‌ಗಳನ್ನು) ಕಲಿಯಲು ಶೆಲ್ ಬರೆಯುವುದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಒಂದು ಸಾಲು ಓದಿ, ಫೋರ್ಕ್ ಮಾಡಿ (ಪ್ರೊಸೆಸ್‌ನ ನಕಲು ಹುಟ್ಟುತ್ತದೆ; ನಕಲು ಮಗು, ಮೂಲ ಪೋಷಕ), ಮಗುವಿನಲ್ಲಿ ಬೇರೆ ಪ್ರೋಗ್ರಾಮ್ ಓಡಿಸುವ ಎಕ್ಸೆಕ್‌ವಿಪಿ, ಪೋಷಕನಲ್ಲಿ ಮಗು ಮುಗಿಯಲು ಕಾಯುವ ವೇಟ್‌ಪಿಐಡಿ. ಮೊದಲ ಆವೃತ್ತಿ ನೂರು ಸಾಲಿನೊಳಗೆ ಮುಗಿಯುತ್ತದೆ. ಆಮೇಲೆ ತೊಂದರೆಯ ಲಕ್ಷಣಗಳು ಶುರುವಾಗುತ್ತವೆ.

ಹೊರಬರಲು "ಎಕ್ಸಿಟ್" ಎಂದು ಎರಡು ಸಲ ಟೈಪ್ ಮಾಡಬೇಕಾಗುತ್ತದೆ: ತಪ್ಪು ಆಜ್ಞೆ ಕೊಟ್ಟಾಗ ಎಕ್ಸೆಕ್ ಸೋತು, ಮಗು ಸಾಯದೆ ಇನ್ನೊಂದು ಶೆಲ್ ಆಗಿ ಮುಂದುವರಿದಿದೆ. ಎಕ್ಸೆಕ್ ಗೆದ್ದರೆ ಹಿಂದಿರುಗುವುದೇ ಇಲ್ಲ. ಅದರ ಮುಂದಿನ ಸಾಲು ತಲುಪಿದರೆ ಸೋತಿದೆ ಎಂದೇ ಅರ್ಥ. ಅಲ್ಲಿ ಅಂಡರ್‌ಸ್ಕೋರ್-ಎಕ್ಸಿಟ್ ಬೇಕು.

"ಸಿಡಿ" ಕೆಲಸ ಮಾಡುವುದಿಲ್ಲ: ಮಗು ಡೈರೆಕ್ಟರಿ ಬದಲಿಸಿಕೊಂಡು ಸತ್ತಿತು, ಪೋಷಕ ಇದ್ದಲ್ಲೇ ಇದ್ದಾನೆ. ಸಿಡಿಯನ್ನು ಶೆಲ್ ಒಳಗೇ ಮಾಡಬೇಕು.

ಔಟ್‌ಪುಟ್ ಪರದೆಯಲ್ಲಿ ಸರಿ, ಕಡತಕ್ಕೆ ತಿರುಗಿಸಿದಾಗ ಪ್ರತಿ ಸಾಲೂ ಎರಡೆರಡು ಸಲ: ಕಡತಕ್ಕೆ ಹೋಗುವಾಗ ಪ್ರಿಂಟ್‌ಎಫ್ ಸಾಲು ಸಾಲಾಗಿ ಕಳುಹಿಸದೆ ಬಫರಿನಲ್ಲಿ ಕೂಡಿಟ್ಟಿರುತ್ತದೆ. ಫೋರ್ಕ್ ಆ ಬಫರನ್ನೂ ನಕಲು ಮಾಡುತ್ತದೆ. ಫೋರ್ಕ್‌ಗೆ ಮೊದಲು ಎಫ್‌ಫ್ಲಷ್ ಮಾಡಿ. ಎಲ್ಲ ಗೊತ್ತಿದೆ ಎನ್ನುವವರೂ ಈ ತಪ್ಪಿನಲ್ಲಿ ಒಂದು ಸಂಜೆ ಕಳೆಯುತ್ತಾರೆ.

ಪಿಎಸ್ ಪಟ್ಟಿಯಲ್ಲಿ ಡಿಫಂಕ್ಟ್ ಎಂದು ಸಾಲುಸಾಲು: ಯಾರೂ ವೇಟ್ ಮಾಡದ ಮಕ್ಕಳು.

ಪೈಪ್ ಸೇರಿಸಿದ ಮೇಲೆ "ಎಲ್‌ಎಸ್ ಪೈಪ್ ಡಬ್ಲ್ಯೂಸಿ" ಮುಗಿಯುವುದೇ ಇಲ್ಲ: ಪೋಷಕ ಪೈಪಿನ ಬರೆಯುವ ತುದಿಯನ್ನು ಮುಚ್ಚಿಲ್ಲ. ಬರೆಯುವವರು ಒಬ್ಬರಾದರೂ ಇರುವವರೆಗೆ ಓದುವವರಿಗೆ ಕಡತ ಮುಗಿಯಿತೆಂದು ತಿಳಿಯುವುದಿಲ್ಲ. ಪೈಪ್, ಫೋರ್ಕ್, ಡಪ್2, ಕ್ಲೋಸ್ ಎಂಬ ಕ್ರಮವನ್ನು ಕಾಗದದ ಮೇಲೆ ಚಿತ್ರ ಬರೆದು, ಯಾವ ಪ್ರೊಸೆಸ್‌ನಲ್ಲಿ ಯಾವ ತುದಿ ತೆರೆದಿದೆ ಎಂದು ಗುರುತು ಹಾಕಿ. ಪ್ರಾಕ್ ಅಡಿಯ ಆಯಾ ಪ್ರೊಸೆಸ್ ಸಂಖ್ಯೆಯ ಎಫ್‌ಡಿ ಡೈರೆಕ್ಟರಿಯಲ್ಲಿ ನಿಜ ಸ್ಥಿತಿ ಕಾಣುತ್ತದೆ. ಎಸ್‌ಟ್ರೇಸ್‌ಗೆ ಎಫ್ ಆಯ್ಕೆ ಕೊಟ್ಟರೆ ಮಕ್ಕಳನ್ನೂ ಹಿಂಬಾಲಿಸುತ್ತದೆ.

ಹಂತ 8: ಸಿಗ್ನಲ್‌ಗಳು

ಕಂಟ್ರೋಲ್-ಸಿ ಒತ್ತಿದಾಗ ನಿಮ್ಮ ಶೆಲ್ಲೇ ಸಾಯುತ್ತದೆ. ಸಿಗ್‌ಆಕ್ಷನ್ ಬಳಸಿ, ಹಳೆಯ ಸಿಗ್ನಲ್ ಫಂಕ್ಷನ್ ಬೇಡ. ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಒಳಗೆ ವೊಲಟೈಲ್ ಸಿಗ್-ಅಟಾಮಿಕ್-ಟಿ ಬಗೆಯ ಒಂದು ಗುರುತನ್ನು ಬದಲಿಸಿ, ಉಳಿದ ಕೆಲಸ ಹೊರಗೆ. ಪ್ರಿಂಟ್‌ಎಫ್, ಮ್ಯಾಲಾಕ್ ಅಲ್ಲಿ ನಿಷಿದ್ಧ. ಮುಖ್ಯ ಪ್ರೋಗ್ರಾಮ್ ಮ್ಯಾಲಾಕ್ ಒಳಗಿರುವಾಗಲೇ ಸಿಗ್ನಲ್ ಬಂದರೆ ಪ್ರೋಗ್ರಾಮ್ ತನ್ನ ಬೀಗಕ್ಕೆ ತಾನೇ ಕಾಯುತ್ತಾ ನಿಲ್ಲಬಹುದು. ಸಿಗ್‌ಕಿಲ್, ಸಿಗ್‌ಸ್ಟಾಪ್‌ಗಳನ್ನು ಹಿಡಿಯಲಾಗದು.

ಥ್ರೆಡ್‌ಗಳನ್ನು ಇಲ್ಲಿ ಸೇರಿಸಬೇಡಿ. ಶೆಲ್ ಮುಗಿದ ಮೇಲೆ ಬೇರೆಯಾಗಿ, ಥ್ರೆಡ್ ಸ್ಯಾನಿಟೈಜರ್ ಜೊತೆಗೆ ಕಲಿಯಿರಿ.

ಹಂತ 9: ಈಗ ಕರ್ನಲ್, ವರ್ಚುವಲ್ ಯಂತ್ರದೊಳಗೆ

ನೀವು ದಿನವೂ ಬಳಸುವ ಯಂತ್ರದಲ್ಲಿ ಮಾಡ್ಯೂಲ್ ಪ್ರಯೋಗ ಬೇಡ. ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆನ್ ಇದೆಯೇ ನೋಡಿ, ಕ್ಯೂಎಂಯು ಅಥವಾ ವರ್ಚುವಲ್‌ಬಾಕ್ಸ್‌ನಲ್ಲಿ 2 ಜಿಬಿ ಕೊಟ್ಟು ಡೆಸ್ಕ್‌ಟಾಪ್ ಇಲ್ಲದ ಸರ್ವರ್ ಆವೃತ್ತಿ ಹಾಕಿ. ಮಾಡ್ಯೂಲ್ ಹಾಕುವ ಮೊದಲು ಸ್ನ್ಯಾಪ್‌ಶಾಟ್ (ಯಂತ್ರದ ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಡಿ. ಬರೆದ ಕೋಡ್ ಹೊರಗಿನ ಯಂತ್ರದಲ್ಲೇ ಇರಲಿ, ಒಳಗಿನದನ್ನು ಯಾವಾಗ ಬೇಕಾದರೂ ಹಿಂದಕ್ಕೆ ತಿರುಗಿಸುವಂತಿರಬೇಕು.

ಓಡುತ್ತಿರುವ ಕರ್ನಲ್‌ನ ಆವೃತ್ತಿಗೇ ಸರಿಯಾದ ಹೆಡರ್ ಪ್ಯಾಕೇಜ್ ಬೇಕು; ಯುನೇಮ್-ಆರ್ ಅದನ್ನು ಹೇಳುತ್ತದೆ. ಅಪ್‌ಡೇಟ್ ಆಗಿ ರೀಬೂಟ್ ಆಗದಿದ್ದರೆ ಎರಡೂ ಬೇರೆಯಾಗಿ, "ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್" ಎಂದು ಬರುತ್ತದೆ. "ಕೀ ವಾಸ್ ರಿಜೆಕ್ಟೆಡ್" ಎಂದರೆ ಸೆಕ್ಯೂರ್ ಬೂಟ್ ಸಹಿ ಕೇಳುತ್ತಿದೆ. ಆ ಸಂದೇಶ ಕಂಡರೆ ನೀವು ವರ್ಚುವಲ್ ಯಂತ್ರದಲ್ಲಿ ಇದ್ದೀರೋ ಹೊರಗೆ ಇದ್ದೀರೋ ಮೊದಲು ನೋಡಿಕೊಳ್ಳಿ. ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದ ಶುರುವಾಗಬೇಕು, ಸ್ಪೇಸ್‌ಗಳಿಂದ ಅಲ್ಲ. ಈಚಿನ ಉಬುಂಟುವಿನಲ್ಲಿ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಓದಲು ಸುಡೊ ಬೇಕು. ಸಂದೇಶ ಕಾಣದೆ ಮಾಡ್ಯೂಲ್ ಓಡಿಲ್ಲವೆಂದು ತಿಳಿಯುವವರು ಬಹಳ.

ಮೊದಲ ಮಾಡ್ಯೂಲ್ ಬರೀ ಒಂದು ಸಾಲು ಮುದ್ರಿಸಲಿ. ಎರಡನೆಯದು ಒಂದು ಕ್ಯಾರೆಕ್ಟರ್ ಡಿವೈಸ್ ಆಗಲಿ: ಬಳಕೆದಾರ ಬರೆದದ್ದನ್ನು ಇಟ್ಟುಕೊಂಡು ಓದಿದಾಗ ಹಿಂದಿರುಗಿಸುವಂಥದ್ದು. ಇಷ್ಟು ದಿನ ಕರೆಯುತ್ತಿದ್ದ ರೀಡ್ ಮತ್ತು ರೈಟ್‌ಗಳ ಆ ಬದಿಯನ್ನು ಈಗ ನೀವೇ ಬರೆಯುತ್ತೀರಿ.

ಇಲ್ಲಿ ಉತ್ತರ ಕೊಡುವ ನಿಯಮ ಬೇರೆ. ಎರ್‌ನೋ ಇಲ್ಲ. ದೋಷದ ಸಂಖ್ಯೆಯನ್ನೇ ಋಣಾತ್ಮಕವಾಗಿ ಹಿಂದಿರುಗಿಸಬೇಕು. ಬಳಕೆದಾರನ ಪಾಯಿಂಟರನ್ನು ನೇರವಾಗಿ ಮುಟ್ಟಬಾರದು, ಕಾಪಿ-ಫ್ರಮ್-ಯೂಸರ್ ಬಳಸಬೇಕು. ಅದು ನಕಲಾದ ಬೈಟ್‌ಗಳ ಸಂಖ್ಯೆ ಕೊಡುವುದಿಲ್ಲ, ನಕಲಾಗದೆ ಉಳಿದ ಬೈಟ್‌ಗಳ ಸಂಖ್ಯೆ ಕೊಡುತ್ತದೆ. 0 ಬಂದರೆ ಗೆಲುವು. ಅದನ್ನು ರೀಡ್‌ನಂತೆ ಓದಿದವರ ಡಿವೈಸ್ ಎಲ್ಲ ಸರಿಯಿದ್ದಾಗಲೇ ದೋಷ ಎನ್ನುತ್ತದೆ. ನೀವು ಬರೆದ ರೀಡ್ ಮುಗಿದಾಗ 0 ಕೊಡದೆ ಹೋದರೆ, ಕ್ಯಾಟ್ ಆಜ್ಞೆ ಒಂದೇ ಸಾಲನ್ನು ಕೊನೆಯಿಲ್ಲದೆ ಮುದ್ರಿಸುತ್ತದೆ. ನಾಲ್ಕನೇ ಹಂತದ ಲೂಪ್ ಬರೆದವರಿಗೆ ಕಾರಣ ತಕ್ಷಣ ಹೊಳೆಯುತ್ತದೆ.

ಕರ್ನಲ್ ಸ್ಟ್ಯಾಕ್ 16 ಕೆಬಿ ಮಾತ್ರ. ಫಂಕ್ಷನ್ ಒಳಗೆ ದೊಡ್ಡ ಅರೇ ಬೇಡ, ಕೆಮ್ಯಾಲಾಕ್ ಮಾಡಿ, ನಲ್ ಪರೀಕ್ಷಿಸಿ. ದಶಮಾಂಶದ ಲೆಕ್ಕ ಬೇಡ. "ಷೆಡ್ಯೂಲಿಂಗ್ ವೈಲ್ ಅಟಾಮಿಕ್" ಎಂಬ ಸಂದೇಶ ಕಂಡರೆ ಸ್ಪಿನ್‌ಲಾಕ್ (ನಿದ್ದೆ ಹೋಗದೆ ಕಾಯುವ ಬಗೆಯ ಬೀಗ) ಹಿಡಿದುಕೊಂಡು ನಿದ್ದೆ ಹೋಗುವ ಫಂಕ್ಷನ್ ಕರೆದಿದ್ದೀರಿ.

ಡಿಮೆಸೇಜ್‌ನಲ್ಲಿ "ಊಪ್ಸ್" (ಕರ್ನಲ್ ಎಡವಿದಾಗ ಬರುವ ವರದಿ) ಕಂಡರೂ ಯಂತ್ರ ಓಡುತ್ತಲೇ ಇರಬಹುದು. ನಂಬಬೇಡಿ. ಸತ್ತ ಪ್ರೊಸೆಸ್ ಹಿಡಿದಿದ್ದ ಬೀಗಗಳು ಹಾಗೇ ಉಳಿದಿರುತ್ತವೆ, ಮಾಡ್ಯೂಲ್ ತೆಗೆಯುವ ಆರ್‌ಎಂಮಾಡ್ ನಿಂತುಬಿಡುತ್ತದೆ, ಮುಂದಿನ ಪ್ರಯೋಗದ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಊಪ್ಸ್‌ನ ಪಠ್ಯವನ್ನು ಪೂರ್ತಿ ಹೊರಗಿನ ಯಂತ್ರಕ್ಕೆ ನಕಲು ಮಾಡಿಕೊಳ್ಳಿ. ಆರ್‌ಐಪಿ ಎಂದಿರುವ ಸಾಲಿನಲ್ಲಿ ಯಾವ ಫಂಕ್ಷನ್, ಅದರ ಶುರುವಿನಿಂದ ಎಷ್ಟು ಬೈಟ್ ದೂರ ಎಂದು ಇರುತ್ತದೆ. ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿ, ಆ ಫಂಕ್ಷನ್‌ನಲ್ಲಿ ಉತ್ತರ ನೋಡದೆ ಬಿಟ್ಟ ಕರೆ ಯಾವುದೆಂದು ಹುಡುಕಿ, ಸರಿಪಡಿಸಿ, ನಂತರವೇ ಮಾಡ್ಯೂಲ್ ಹಾಕುವ ಇನ್ಸ್‌ಮಾಡ್ ಮತ್ತೆ ಕೊಡಿ.